ಬಂಡೆಯ ಮೇಲಿನ ನಾಲ್ಕೂವರೆ ಹೆಜ್ಜೆ

ನನ್ನ ಚಿಕ್ಕವ್ವನ ಮಗಳನ್ನು ಹುಲಿ ಹೊತ್ತುಕೊಂಡು ಹೋಯಿತು ಎಂದು ಇಲಾಖೆಯವರು ಬೋರ್ಡು ಬರೆಸಿ ನಿಲ್ಲಿಸಿದ್ದರು. ಹಸಿರು ತಗಡು, ಬಿಳಿ ಅಕ್ಷರ, ಮೇಲೊಂದು ಹುಲಿಯ ಮುಖ. ಹೆಸರು ಹಿಡಿದು ಬರೆದಿರಲಿಲ್ಲ, ನಿಜ. 'ಹತ್ತು ಸಾವಿರ ವರ್ಷಗಳ ಹಿಂದಿನ ಆದಿಮಾನವರ ಮಗುವಿನ ಹೆಜ್ಜೆಗಳು. ಐದನೆಯ ಹೆಜ್ಜೆ ಅರ್ಧಕ್ಕೇ ನಿಂತಿರುವುದನ್ನು ಗಮನಿಸಿ. ಮಗುವನ್ನು ಹುಲಿ ಎತ್ತಿಕೊಂಡು ಹೋಗಿರಬೇಕೆಂದು ತಜ್ಞರ ಅಭಿಪ್ರಾಯ. ಪಕ್ಕದ ಸೊಟ್ಟ ಬೆರಳಿನ ಹೆಜ್ಜೆಗಳು ಹುಲಿಯನ್ನು ಅಟ್ಟಿಸಿಕೊಂಡು ಹೋದ ಬೇಟೆಗಾರನವು' ಎಂದು ಬರೆದಿತ್ತು. ಮೊದಲ ಸಲ ಓದಿದಾಗ ನನಗೆ ನಗು ಬಂತು. ಎರಡನೆಯ ಸಲ ಓದಿ ಮುಗಿಸುವಷ್ಟರಲ್ಲಿ ಮೈಯೆಲ್ಲ ಉರಿಯತೊಡಗಿತು. ಆ ಮಗುವನ್ನು ಎತ್ತಿಕೊಂಡವಳು, ಅಂದರೆ ಇವರ ಸೊಟ್ಟ ಬೆರಳಿನ ಬೇಟೆಗಾರ, ಅದೇ ಹೊತ್ತಿಗೆ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ರಾಗಿ ಕೇರುತ್ತಿದ್ದಳು.

ನಮ್ಮೂರು ಇರುವುದು ಬಂಡೆಸೀಮೆಯ ಬುಡದಲ್ಲಿ. ಮೂರು ದಿಕ್ಕಿಗೂ ಗುಂಡಿನ ಮೇಲೆ ಗುಂಡು ಪೇರಿಸಿದಂಥ ಗುಡ್ಡಗಳು, ನಡುವೆ ಮಧ್ಯಾಹ್ನವೂ ಬಿಸಿಲು ತಳ ಮುಟ್ಟದ ಕೊರಕಲುಗಳು. ಕೊರಕಲಿನೊಳಗೆ ಕಾರೆ, ಕವಳೆ, ತುಗ್ಗಲಿಯ ಪೊದೆ, ಪೊದೆಯೊಳಗೆ ಕರಡಿ. ಕಡಿದಾದ ಬಂಡೆಗಳಿಗೆ ನೇತುಬಿದ್ದ ಹೆಜ್ಜೇನು. ದೊಣೆ ಎಂದು ನಾವು ಕರೆಯುವ ಬಂಡೆಯ ಹೊಂಡಗಳಲ್ಲಿ ಬೇಸಿಗೆಯಲ್ಲೂ ಬತ್ತದ ನೀರು. ಮುಂದಕ್ಕೆ ಚಾಚಿದ ಒಂದು ಬಂಡೆಯ ನೆರಳಲ್ಲಿ ಕೆಮ್ಮಣ್ಣಿನಿಂದ ಬರೆದ ಗೂಳಿ, ಜಿಂಕೆ, ಕೈ ಕೈ ಹಿಡಿದು ಕುಣಿಯುವವರ ಸಾಲು. ಆ ಚಿತ್ರ ಬರೆದವರು ಯಾರೆಂದು ನಮಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವಷ್ಟು ಮರ್ಯಾದೆ ನಮಗಿತ್ತು, ಬೋರ್ಡು ಬರೆಸಿರಲಿಲ್ಲ.

ಕೊರಕಲು ದಾಟಿ ಮೇಲೆ ಹತ್ತಿದರೆ ಊರಿಗೆ ಊರೇ ಪಂಕ್ತಿ ಕೂತು ಉಣ್ಣಬಹುದಾದ ಹಾಸುಬಂಡೆ. ಅದರ ಮೇಲೆ ಬರಿಗಾಲಲ್ಲಿ ನಡೆದವರ ಹೆಜ್ಜೆ ಉಳಿಯುತ್ತದೆ. ಕಾಲೆತ್ತಿ, ಒಂದು ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿಗೆ ಕಲ್ಲು ತಗ್ಗಿ ಗುರುತು ಮೂಡುತ್ತದೆ. ಆಮೇಲೆ ಅದು ಅಳಿಯುವುದಿಲ್ಲ. ಬರಿಗೈಯಲ್ಲಿ ಹೋದವರದು ತೇಲಿದ ಗುರುತು, ಹೊರೆ ಹೊತ್ತವರದು ಆಳ, ಬಸುರಿಯರದು ಹಿಮ್ಮಡಿಯ ಕಡೆ ಆಳ. ಜೇನು ಕೀಳುವವರು, ಕಸಬರಿಗೆ ಹುಲ್ಲು ಕೊಯ್ಯುವವರು ಹಳೆಯ ಹೆಜ್ಜೆ ಹಿಡಿದೇ ನಡೆಯುತ್ತಾರೆ. ಹೆಜ್ಜೆ ಕಾಣದ ಕಡೆ ಕಮರಿ ಇದೆ ಎಂದು ಅರ್ಥ. ಮುನಿಸಿಕೊಂಡ ಅಣ್ಣತಮ್ಮಂದಿರು ಒಬ್ಬರ ಹೆಜ್ಜೆ ಒಬ್ಬರು ತುಳಿಯದೆ ಸುತ್ತು ಬಳಸಿ ಹೋಗುತ್ತಾರೆ. ಗುಟ್ಟಿನ ಕೆಲಸ ಇದ್ದವರು ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಾರೆ. ಹಾಗಾಗಿ ಚಪ್ಪಲಿ ಹಾಕಿಕೊಂಡು ಬಂಡೆಯ ಕಡೆ ಹೊರಟವರನ್ನು ಕಂಡರೆ ಜಗಲಿಯ ಮೇಲಿದ್ದವರಿಗೆಲ್ಲ ಒಟ್ಟಿಗೆ ಕೆಮ್ಮು ಬರುತ್ತದೆ. ನಾನು ನನ್ನ ಅಜ್ಜಿಯನ್ನು ಕಂಡವಳಲ್ಲ. ಆದರೆ ಅವಳು ಎಡಗಾಲು ಎಳೆಯುತ್ತಿದ್ದಳು, ಅವಸರದವಳು, ಅಜ್ಜನಿಗಿಂತ ಯಾವಾಗಲೂ ಎರಡು ಮಾರು ಮುಂದಿರುತ್ತಿದ್ದಳು ಎಂಬುದನ್ನು ನೋಡಿ ಬಲ್ಲೆ.

ನಮ್ಮಲ್ಲಿ ಮಗು ನಡೆಯಲು ಕಲಿತ ಕೂಡಲೇ ಮೇಲಕ್ಕೆ ಒಯ್ದು ಬಂಡೆಯ ಮೇಲೆ ಬಿಡುತ್ತಾರೆ. ಹೆಜ್ಜೆ ಹಾಕಿಸುವುದು ಎನ್ನುತ್ತೇವೆ. ಕಾರಹುಣ್ಣಿಮೆ ಆದ ಮೊದಲ ಮಂಗಳವಾರ ಊರಿನವರೆಲ್ಲ ಹೋಗಿ, ಗಾಳಿಗೆ ಹೆಜ್ಜೆಗಳಲ್ಲಿ ತುಂಬಿಕೊಂಡ ಮರಳು ತೆಗೆದು, ದೊಣೆಯ ನೀರಲ್ಲಿ ತೊಳೆಯುತ್ತೇವೆ. ಸತ್ತವರ ಹೆಜ್ಜೆಗೆ ಒಂದು ಬೆರಳು ಹರಳೆಣ್ಣೆ ಸವರುತ್ತೇವೆ. ಇಷ್ಟೇ. ಪೂಜಾರಿ ಇಲ್ಲ, ಮಂತ್ರ ಇಲ್ಲ, ಮಂಗಳಾರತಿ ಇಲ್ಲ.

ಚಿಕ್ಕವ್ವ ಎಂದೆನಲ್ಲ, ಪಾಲವ್ವ ಅವಳ ಹೆಸರು, ನನ್ನ ಅವ್ವನ ತಂಗಿ. ಸಣ್ಣವಳಿದ್ದಾಗ ಬಲಗಾಲಿನ ಮೇಲೆ ಒರಳಿನ ಗುಂಡು ಬಿದ್ದು, ಹೆಬ್ಬೆರಳಿನ ಪಕ್ಕದ ಬೆರಳು ಹೆಬ್ಬೆರಳಿನ ಮೇಲೆ ಹತ್ತಿ ಕೂತಿದೆ. ಅವಳ ಒಬ್ಬಳೇ ಮಗಳು ಈರಿ. ಈರಿಗೆ ಹೆಜ್ಜೆ ಹಾಕಿಸಿದ ದಿನ ನನಗೆ ಎಂಟು ವರ್ಷ, ಎಣ್ಣೆಯ ಗಿಂಡಿ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಈರಿ ನಾಲ್ಕು ಹೆಜ್ಜೆ ಇಟ್ಟಳು. ಐದನೆಯದಕ್ಕೆ ಬೆರಳುಗಳನ್ನು ಊರಿದಳು, ಹಿಮ್ಮಡಿ ಊರುವ ಮೊದಲೇ ಎರಡೂ ಕೈ ಮೇಲೆತ್ತಿ "ಎತ್ಕ" ಎಂದಳು. ಎಲ್ಲರೂ ನಕ್ಕರು. ಚಿಕ್ಕವ್ವ ಎತ್ತಿಕೊಂಡಳು. ಎತ್ತಿಕೊಂಡ ಮೇಲಿನ ಅವಳ ಹೆಜ್ಜೆಗಳು ಮೊದಲಿನವಕ್ಕಿಂತ ಒಂದು ಅಕ್ಕಿಕಾಳಿನಷ್ಟು ಹೆಚ್ಚು ಆಳ ಇವೆ. ಮೂರು ತಿಂಗಳಿಗೆ ದಡಾರ ಬಂದು ಈರಿ ಹೋಗಿಬಿಟ್ಟಳು. ಆಗ ನಮ್ಮೂರಿಗೆ ಫೋಟೊ ತೆಗೆಯುವವರು ಬರುತ್ತಿರಲಿಲ್ಲ. ಅಂಗಿಯನ್ನೂ ಕೂಸಿನ ಜತೆಗೇ ಮಣ್ಣಿಗೆ ಕೊಟ್ಟರು. ಈ ಭೂಮಿಯ ಮೇಲೆ ಈರಿ ಎಂಬುವಳು ಇದ್ದಳು ಎನ್ನಲು ಉಳಿದದ್ದು ಆ ನಾಲ್ಕೂವರೆ ಹೆಜ್ಜೆ. ಐವತ್ತನಾಲ್ಕು ವರ್ಷ ಚಿಕ್ಕವ್ವ ಒಂದು ಮಂಗಳವಾರವನ್ನೂ ತಪ್ಪಿಸಲಿಲ್ಲ. ಹಸುಗೂಸಿನ ಅಂಗಾಲಿಗೆ ಹಚ್ಚುವ ಹಾಗೆ, ಹಿಮ್ಮಡಿಯಿಂದ ಬೆರಳಿನ ಕಡೆಗೆ, ಮೆಲ್ಲಗೆ ಎಣ್ಣೆ ಹಚ್ಚಿ ಬರುತ್ತಿದ್ದಳು.

ಆರು ವರ್ಷದ ಹಿಂದೆ ಬಂಡೆಸೀಮೆಯನ್ನು ರಕ್ಷಿತ ಕಾಡು ಎಂದು ಸಾರಿದರು. ಮೊದಲು ಚಪ್ಪಾಳೆ ತಟ್ಟಿದವರು ನಾವೇ, ಅದನ್ನು ಮುಚ್ಚಿಡುವುದಿಲ್ಲ. ಬಂಡೆ ಸಿಡಿಸುವವರ ಲಾರಿಗಳು ನಿಂತವು. ಕರಡಿಗಳು ನೆಮ್ಮದಿಯಾದವು, ಹದ್ದುಗಳು ಮತ್ತೆ ಗೂಡು ಕಟ್ಟಿದವು. ಆಮೇಲೆ ಊರ ಬಾಗಿಲಿಗೆ ಒಂದು ಗೇಟು ಬಂತು. ಗೇಟಿನ ಪಕ್ಕ 'ಮನುಷ್ಯರ ಕಾಲು ಸೋಕದ ಕಾಡಿಗೆ ಸ್ವಾಗತ' ಎಂಬ ಬೋರ್ಡು ಬಂತು. ಕಾಲುಗಳದ್ದೇ ಸಂತೆ ನೆರೆದ ಬಂಡೆಗೆ ಇಂಥ ಬೋರ್ಡು! ಹುಲ್ಲು ಕೊಯ್ಯುವುದು ನಿಂತಿತು, ಜೇನು ನಿಂತಿತು, ಕಳೆದ ವರ್ಷ ಮಂಗಳವಾರವೂ ನಿಂತಿತು. ಹೋಗುವುದಾದರೆ ಪ್ರವಾಸಿಗಳ ಹಾಗೆ ಟಿಕೆಟ್ ತೆಗೆದುಕೊಂಡು, ಬೂಟು ಹಾಕಿಕೊಂಡು, ಗಾರ್ಡಿನ ಹಿಂದೆ ಸಾಲಾಗಿ ಹೋಗಬೇಕು. ಕಲ್ಲು ಮುಟ್ಟಿದರೂ ಅಪರಾಧ. ಆಮೇಲೆ ಯಾರೋ ತಜ್ಞರು ಬಂದು, ಎರಡು ದಿನ ಬೂಟುಗಾಲಲ್ಲಿ ಬಂಡೆಯ ಮೇಲೆ ಓಡಾಡಿ, ಹೆಜ್ಜೆಗಳನ್ನು 'ಕಂಡುಹಿಡಿದರು'. ಊರಿನ ಒಬ್ಬರನ್ನೂ ಏನೂ ಕೇಳಲಿಲ್ಲ. ಈರಿಯ ಹೆಜ್ಜೆಗಳ ಸುತ್ತ ಕಬ್ಬಿಣದ ಕಂಬ ನೆಟ್ಟು ಸರಪಳಿ ಬಿಗಿದದ್ದು, ಮೊದಲು ಹೇಳಿದ ಹುಲಿಯ ಬೋರ್ಡು ನಿಲ್ಲಿಸಿದ್ದು ಆಗಲೇ.

ನಾನು ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ದಾದಿಯಾಗಿದ್ದವಳು. ಹುಟ್ಟಿದ ಕೂಸಿನ ಅಂಗಾಲಿಗೆ ಮಸಿ ಬಳಿದು ಕಾಗದದ ಮೇಲೆ ಒತ್ತಿ, ಇದು ಇಂಥವಳ ಮಗು ಎಂದು ಬರೆದಿಡುವುದು ನನ್ನ ಕೆಲಸವಾಗಿತ್ತು. ಪಾದ ಸುಳ್ಳು ಹೇಳುವುದಿಲ್ಲ ಎಂದು ನನಗೆ ಕಲಿಸಿದ್ದೇ ಸರ್ಕಾರ. ಅದೇ ಧೈರ್ಯದ ಮೇಲೆ ರೇಂಜರ್ ಸಾಹೇಬರ ಕಚೇರಿಗೆ ಹೋದೆ. ಜಯಸಿಂಹ ಎಂದು ಅವರ ಹೆಸರು, ಮೂವತ್ತೈದರ ಪ್ರಾಯ. ಎದ್ದು ನಿಂತು ಕುರ್ಚಿ ಕೊಟ್ಟರು, ಟೀ ತರಿಸಿದರು. ಒರಟಾಗಿ ಮಾತಾಡಿದ್ದರೆ ನನ್ನ ಸಿಟ್ಟಿಗೂ ಒಂದು ದಾರಿ ಇರುತ್ತಿತ್ತು.

"ಸಾರ್, ಆ ಹೆಜ್ಜೆ ಇಟ್ಟ ಮಗುವಿನ ತಾಯಿ ನಮ್ಮ ಮನೇಲೇ ಅವಳೆ. ಬೇಕಾದ್ರೆ ನೀವೇ ಒಂದು ಬೂಟು ಬಿಚ್ಚಿ ಬಂಡೆ ಮೇಲೆ ನಾಲ್ಕು ಹೆಜ್ಜೆ ನಡೀರಿ. ಎಲೆಅಡಿಕೆ ಹಾಕ್ಕೊಳ್ಳೋಷ್ಟು ಹೊತ್ತು ಕಾಯಿರಿ. ಆಮೇಲೆ ಮಾತಾಡಾನ" ಎಂದೆ.

"ನೋಡಿ ಕಾಟಮ್ಮೋರೆ, ನೀವು ಓದಿದೋರು, ಆಸ್ಪತ್ರೇಲಿ ಕೆಲಸ ಮಾಡಿದೋರು. ನೀವೇ ಹೀಗಂದ್ರೆ ಹೇಗೆ? ಅಲ್ಲಿ ಬೂಟು ಕಡ್ಡಾಯ. ಚೇಳಿರ್ತವೆ."

"ಚೇಳೆಲ್ಲ ನಮಗೆ ಪರಿಚಯದವೇ ಸಾರ್. ಹೊಸಬರು ನೀವೇ."

ಅವರು ನಕ್ಕರು. "ತಜ್ಞರ ವರದಿ ಬಂದಿದೆ. ಅದನ್ನ ಮೀರಿ ನಾನೇನೂ ಮಾಡೋಕಾಗಲ್ಲ."

"ತಜ್ಞರು ಬೂಟು ಬಿಚ್ಚಿದ್ರಾ?"

"ಟೀ ತಣ್ಣಗಾಗ್ತಿದೆ, ಕುಡೀರಿ" ಎಂದರು. ಬಾಗಿಲವರೆಗೆ ಬಂದು ಕಳಿಸಿಕೊಡುವಾಗ, "ನಿಮ್ಮ ಭಾವನೆ ಅರ್ಥ ಆಗುತ್ತೆ. ಅದನ್ನ ಕಾಪಾಡೋಕೇ ಮುಂದಿನ ವಾರ ಹೆಜ್ಜೆಗಳ ಮೇಲೆ ದಪ್ಪ ಗಾಜು ಕೂಡಿಸ್ತಿದೀವಿ. ಇನ್ನು ಯಾರೂ ಮುಟ್ಟೋಕಾಗಲ್ಲ" ಎಂದರು. ಒಳ್ಳೆಯ ಸುದ್ದಿ ಹೇಳಿದೆ ಎಂದುಕೊಂಡಿದ್ದರು ಪುಣ್ಯಾತ್ಮರು. ನಾನು ಮನೆ ಮುಟ್ಟುವವರೆಗೂ ದಾರಿಯಲ್ಲಿ ಒಬ್ಬಳೇ ಬೈದುಕೊಂಡು ಬಂದೆ.

ಹುಲಿಯ ವಿಷಯ ಚಿಕ್ಕವ್ವನಿಗೆ ಹೇಳಬಾರದು ಎಂದುಕೊಂಡಿದ್ದೆ. ಅವಳು ನನ್ನ ಮುಖ ನೋಡಿಯೇ ಮೊರ ಕೆಳಗಿಟ್ಟಳು.

"ಬೋರ್ಡಲ್ಲಿ ಏನ್ ಬರ್ದವ್ರೆ? ಇದ್ದದ್ದು ಇದ್ದಂಗೆ ಹೇಳು."

ಹೇಳಿದೆ. 

"ಹುಲಿನಾ? ನಮ್ ಬಂಡೆಸೀಮೇಲಿ ಹುಲಿ ಎಲ್ಲೈತೆ? ಚಿರ್ತೆ ಅಂದಿದ್ರೆ ಒಂದ್ ಮಾತು."

"ಅದನ್ನೇ ನಾನೂ ಅಂದ್ಕೊಂಡಿದ್ದು ಚಿಕ್ಕವ್ವ."

"ಅವ್ಳು ಎತ್ಕ ಅಂದ್ಳು, ನಾನು ಎತ್ಕಂಡೆ. ಇದ್ರಾಗೆ ಹುಲಿ ಎಲ್ಲಿಂದ ಬಂತು?" ಎಂದಳು. ಮತ್ತೆ, "ಓದ್ದೋರು ಏನಂದ್ಕಂತಾರೆ ಕಾಟಿ? ಹುಲಿ ಬರೋ ಗಂಟ ಹೆತ್ತೋಳು ಎಲ್ಲಿಗ್ ಹೋಗಿದ್ಳು ಅಂತ ಕೇಳ್ತಾರೆ ಕಣೆ. ನಾನು ಪಕ್ಕದಾಗೇ ಇದ್ನಲ್ಲೇ" ಎಂದಳು.

ಸತ್ತ ಮಗುವಿಗಾಗಿ ಅವಳು ಅತ್ತದ್ದನ್ನು ನಾನು ಕಂಡಿದ್ದೆ. ಆದರೆ ಆ ದಿನ ಅವಳ ಗಂಟಲಿನಿಂದ ಹೊರಟದ್ದು ಅಳುವಲ್ಲ. ಐವತ್ತನಾಲ್ಕು ವರ್ಷ ಜತನವಾಗಿ ಇಟ್ಟುಕೊಂಡಿದ್ದ ಒಂದೇ ಒಂದು ನೆನಪನ್ನು ಯಾರೋ ಗುರುತಿಲ್ಲದವರು ಬಂದು ಹೊಲಸು ಮಾಡಿದ್ದರು, ಮೇಲೆ ಅದಕ್ಕೆ ಟಿಕೆಟ್ ಇಟ್ಟಿದ್ದರು. "ಗಾಜು ಹಾಕೋದ್ರೊಳಗೆ ಒಂದ್ ಕಿತ ಎಣ್ಣೆ ಹಚ್ಬೇಕು. ನಡಿ" ಎಂದಳು.

ಮಂಗಳವಾರ ಹೋದೆವು. ಟಿಕೆಟ್ ತೆಗೆದುಕೊಂಡೆವು. ಗೇಟಿನಲ್ಲಿ ಬಾಡಿಗೆಗೆ ಕೊಡುವ ರಬ್ಬರ್ ಬೂಟುಗಳನ್ನು ಹಾಕಿಸಿದರು. ಎಪ್ಪತ್ತೆಂಟು ವರ್ಷ ಕಾಲಿಗೆ ಚಪ್ಪಲಿಯನ್ನೇ ಕಾಣದವಳು ಮೊಣಕಾಲುದ್ದದ ಕರಿ ಬೂಟಿನೊಳಗೆ ಕಾಲು ತೂರಿಸಿ, ಸೀರೆ ಎತ್ತಿ ಹಿಡಿದು, ಕೊರಕಲಿನ ದಾರಿಯಲ್ಲಿ ಎಡವುತ್ತ ಬಂದಳು. ಮುಂದೆ ಪಟ್ಟಣದಿಂದ ಬಂದ ಹತ್ತು ಹನ್ನೆರಡು ಜನ. ಎಲ್ಲರಿಗಿಂತ ಮುಂದೆ ಗಾರ್ಡು ಬೊಮ್ಮಲಿಂಗ. ಅವನು ನಮ್ಮೂರವನೇ. ಹುಟ್ಟಿದಾಗ ಅವನ ಅಂಗಾಲಿಗೆ ಮಸಿ ಬಳಿದವಳು ನಾನೇ. ಅವನದೇ ಹೆಜ್ಜೆಗಳು, ಅವನ ಅಪ್ಪನ ಹೆಜ್ಜೆಗಳು, ಆ ಬಂಡೆಯ ಮೇಲೆ ಇವೆ. ಆದರೂ ಹಾಕಿಕೊಂಡ ಬಟ್ಟೆಗೆ ತಕ್ಕಂತೆ ಅವನು ಬಾಯಿಪಾಠ ಒಪ್ಪಿಸಬೇಕಿತ್ತು. ಸರಪಳಿಯ ಹತ್ತಿರ ನಿಂತು, ನಮ್ಮ ಕಡೆ ನೋಡದೆ, ನೆಲ ನೋಡುತ್ತ ಹತ್ತು ಸಾವಿರ ವರ್ಷ, ಹುಲಿ, ಬೇಟೆಗಾರ ಎಲ್ಲವನ್ನೂ ಹೇಳಿದ. ರೇಂಜರ್ ಸಾಹೇಬರು ಗಾಜಿನ ಅಳತೆ ತೆಗೆಸಲೆಂದು ಆಚೆ ಬದಿಗೆ ನಿಂತಿದ್ದರು.

ಕ್ಯಾಮೆರಾ ಹಿಡಿದ ಹೆಂಗಸೊಬ್ಬಳು, "ಅಯ್ಯೋ ಪಾಪ ಕಂದ. ಅದರ ತಾಯಿ ಎಲ್ಲಿ ಸತ್ತಿದ್ಳೋ" ಎಂದಳು.

ಅವಳದೇನೂ ತಪ್ಪಿರಲಿಲ್ಲ, ಬೋರ್ಡು ಓದಿದ್ದಳು ಅಷ್ಟೆ. ಚಿಕ್ಕವ್ವ ಬಂಡೆಯ ಮೇಲೆ ಕೂತು ಬೂಟು ಕಳಚಿದಳು. ಎರಡನ್ನೂ ಜೋಡಿಸಿ ಪಕ್ಕಕ್ಕಿಟ್ಟಳು. ಸೊಂಟದಿಂದ ಎಣ್ಣೆಯ ಸೀಸೆ ತೆಗೆದು, ಬಗ್ಗಿ, ಸರಪಳಿಯ ಕೆಳಗಿನಿಂದ ಒಳಗೆ ನುಸುಳಿದಳು. "ಏಯ್ ಅಜ್ಜಿ! ಬೊಮ್ಮಲಿಂಗ, ಹಿಡಿಯೋ!" ಎಂದು ಸಾಹೇಬರು ಕೂಗಿದರು. ಬೊಮ್ಮಲಿಂಗ ಹಿಡಿಯಲಿಲ್ಲ. ಬೂಟಿನ ದಾರ ಬಿಚ್ಚಿದೆ ಎಂಬಂತೆ ಬಗ್ಗಿ ಕೂತುಬಿಟ್ಟ. ಚಿಕ್ಕವ್ವ ಏಳೆಂಟು ಹೆಜ್ಜೆ ನಡೆದು, ತನ್ನ ಹಳೆಯ ಹೆಜ್ಜೆಗಳ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ಸೆರಗಿನಿಂದ ಮರಳು ಒರೆಸಿ, ನಾಲ್ಕೂವರೆ ಹೆಜ್ಜೆಗೂ ಎಣ್ಣೆ ಹಚ್ಚಿದಳು. ಅರ್ಧ ಹೆಜ್ಜೆಯ ಹತ್ತಿರ ಸ್ವಲ್ಪ ಹೊತ್ತು ಕೂತಳು. ಆಮೇಲೆ ಎದ್ದು, ಎರಡೂ ಕೈ ಎದೆಗೆ ಒತ್ತಿಕೊಂಡು, ನಿಧಾನವಾಗಿ ಹಿಂದಕ್ಕೆ ಬಂದಳು. ವಯಸ್ಸಾಯಿತು, ಎದೆ ನೋಯುತ್ತಿರಬೇಕು ಎಂದುಕೊಂಡು ನಾನು ಓಡಿಹೋಗಿ ರಟ್ಟೆ ಹಿಡಿದುಕೊಂಡೆ.

ಅಷ್ಟರಲ್ಲಿ ಎಲೆಅಡಿಕೆ ಹಾಕಿಕೊಳ್ಳುವ ಹೊತ್ತು ಕಳೆದಿತ್ತು. ಆ ಕ್ಯಾಮೆರಾದ ಹೆಂಗಸೇ ಮೊದಲು ಕಂಡದ್ದು, ಬಾಯಿಗೆ ಕೈ ಇಟ್ಟುಕೊಂಡಳು. ಸರಪಳಿಯೊಳಗೆ ಚಿಕ್ಕವ್ವ ಹೋದ ದಾರಿಯಲ್ಲಿ ಒಂದಾದ ಮೇಲೊಂದು ಹೆಜ್ಜೆ ಮೂಡಿದ್ದವು. ತೇಲಿದ, ಸಣ್ಣ, ಮುದುಕಿಯ ಹೆಜ್ಜೆ. ಬಲಗಾಲಿನಲ್ಲಿ ಹೆಬ್ಬೆರಳಿನ ಮೇಲೆ ಹತ್ತಿ ಕೂತ ಬೆರಳು. ಪಕ್ಕದಲ್ಲೇ ಬೋರ್ಡಿನ ಬೇಟೆಗಾರನ ಹೆಜ್ಜೆ, ಅದೇ ಬೆರಳು, ಅದೇ ಸೊಟ್ಟ. ಕಣ್ಣಿದ್ದವರಿಗೆ ಇನ್ನೇನು ಬೇಕಿತ್ತು? ಸಾಹೇಬರು ಈಗ ಬೋರ್ಡು ಕಿತ್ತು ಬಿಸಾಡುತ್ತಾರೆ, ಚಿಕ್ಕವ್ವನಿಗೆ ಕೈ ಮುಗಿಯುತ್ತಾರೆ ಎಂದೇ ನಾನು ತಿಳಿದೆ. ಅವರು ಸ್ವಲ್ಪ ಹೊತ್ತು ತಮ್ಮ ಬೂಟುಗಳನ್ನೇ ನೋಡಿಕೊಂಡರು. ಆಮೇಲೆ, "ರಕ್ಷಿತ ಬಂಡೆ ಮೇಲೆ ಹೊಸ ಗುರುತು ಮಾಡಿದಾಳೆ. ಕೇಸ್ ಹಾಕ್ಬೇಕು. ಮಹಜರು ಬರಿ" ಎಂದರು.

ಬೊಮ್ಮಲಿಂಗ ಬರೆದ. ಟೇಪು ಹಿಡಿದು ಅಳೆದು, ಫೋಟೊ ತೆಗೆದು, ಒಂದೊಂದು ಅಕ್ಷರವನ್ನೂ ಬಿಡಿಸಿ ಬರೆದ. ಮಹಜರು ಎಂದರೆ ಕಂಡದ್ದನ್ನು ಕಂಡಂತೆ ಬರೆಯಬೇಕು ಎಂದು ಸಾಹೇಬರೇ ಅವನಿಗೆ ಕಲಿಸಿದ್ದರಂತೆ. 'ಆರೋಪಿ ಪಾಲವ್ವ ಎಂಬಾಕೆಯು ಬರಿಗಾಲಿನಲ್ಲಿ ನಡೆದು ಒಳಹೋಗುವಾಗ ಬಂಡೆಯ ಮೇಲೆ ಎಂಟು ಹೆಜ್ಜೆ ಗುರುತುಗಳು ಉಂಟಾಗಿರುತ್ತವೆ. ಬಲಗಾಲಿನ ಎರಡನೆಯ ಬೆರಳು ಹೆಬ್ಬೆರಳಿನ ಮೇಲೆ ಬಂದಿರುತ್ತದೆ. ಪಕ್ಕದ ಹಳೆಯ ಗುರುತಿನಲ್ಲಿಯೂ ಇದೇ ರೀತಿ ಇರುತ್ತದೆ.' ಸಾಹೇಬರು ಸಿಟ್ಟಿನ ಭರದಲ್ಲಿ ಪೂರ್ತಿ ಓದದೆ ಸಹಿ ಹಾಕಿದರು. ಆಮೇಲೆ ಮಸಿಯ ಡಬ್ಬಿ ತಂದು ಚಿಕ್ಕವ್ವನ ಎಡಗೈ ಹೆಬ್ಬೆಟ್ಟು ಹಿಡಿದು ಒತ್ತಿಸಿದರು. ಅದನ್ನು ಕಂಡು ನನ್ನ ಪಿತ್ತ ನೆತ್ತಿಗೇರಿತು.

"ಇದು ಯಾರ ಗುರ್ತು ಸಾರ್?" ಎಂದೆ.

"ಆರೋಪಿದು."

"ಹೆಂಗೆ ಗೊತ್ತು? ಇದು ಹತ್ತು ಸಾವಿರ ವರ್ಷದ ಹಿಂದಿನ ಹೆಬ್ಬೆಟ್ಟು ಅಂತ ಯಾಕ್ ಬರ್ಸಲ್ಲ? ಅವಳ ಹೆಬ್ಬೆಟ್ಟು ಅವಳದ್ದು, ಅವಳ ಕಾಲು ಮಾತ್ರ ಆದಿಮಾನವನದ್ದಾ? ಕೇಸಿಗೆ ಬೇಕಾದ್ರೆ ಪಾಲವ್ವನ ಕಾಲು, ಟಿಕೆಟ್ಟಿಗೆ ಬೇಕಾದ್ರೆ ಬೇಟೆಗಾರನ ಕಾಲಾ?"

ಪ್ರವಾಸಿಗಳಲ್ಲಿ ಯಾರೋ ಕಿಸಕ್ಕನೆ ನಕ್ಕರು.  ಚಿಕ್ಕವ್ವ ಹೆಬ್ಬೆಟ್ಟಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು, "ಬಾಯ್ ಮಾಡ್ಬೇಡ ಬಾರೆ, ಎಣ್ಣೆ ಹಚ್ಚಾಯ್ತಲ್ಲ" ಎಂದಳು.

ಕೇಸು ನಡೆಯಿತು. ನಮ್ಮ ವಕೀಲ ತಿಪ್ಪೇಶಿ ಚುರುಕು ಮನುಷ್ಯ. ವಿಚಾರಣೆಯ ಹಿಂದಿನ ದಿನ ಮನೆಗೆ ಬಂದು, ಕಾಲು ಚಾಚಿ ಕೂತು, ಖುಷಿಯಿಂದ ತೊಡೆ ತಟ್ಟಿಕೊಂಡ. "ಅವ್ವಾ, ಕೇಸು ಬಿದ್ದೇ ಹೋಯ್ತು ಅಂದ್ಕೊ. ಬಂಡೆ ಮೇಲಿರೋ ಹೆಜ್ಜೆಗಳೆಲ್ಲ ಹತ್ತು ಸಾವಿರ ವರ್ಷದವು ಅಂತ ಅವರ ತಜ್ಞರೇ ಬರ್ದು ಕೊಟ್ಟವ್ರೆ. ಕಾಲಲ್ಲಿ ನಡೆದ್ರೆ ಕಲ್ಲು ತಗ್ಗಲ್ಲ ಅಂತಾನೂ ಬರ್ದವ್ರೆ. ನೀನು ಒಂದೇ ಮಾತು ಹೇಳು, ಆ ಹೆಜ್ಜೆ ನಂದಲ್ಲ ಅನ್ನು. ಅವರ ಕಾಗದ ಅವರಿಗೇ ಉರುಳಾಗ್ತದೆ. ನೀನು ನಗ್ತಾ ಮನೆಗೆ ಬರ್ತೀಯ."

"ನಂದಲ್ಲ ಅನ್ಬೇಕಾ?"

"ಅಷ್ಟೇ. ನಂದು ಅಂದ್ರೆ ಶಿಕ್ಷೆ ಆಗ್ತದೆ. ಏನಿಲ್ಲಾಂದ್ರೂ ಗೇಟಿನೊಳಗೆ ಕಾಲಿಡಂಗಿಲ್ಲ ಅಂತ ಮಾಡ್ತಾರೆ. ಈ ವಯಸ್ಸಲ್ಲಿ ಮತ್ತೆ ಯಾವಾಗ ಹೋಗ್ತೀಯ?"

ತಿಪ್ಪೇಶಿ ಹೇಳಿದ್ದು ಸರಿಯಾಗಿತ್ತು. ನಾನೂ ಹಾಗೇ ಹೇಳು ಚಿಕ್ಕವ್ವ ಎಂದೆ, ಈಗ ನೆನೆದರೆ ನಾಚಿಕೆಯಾಗುತ್ತದೆ. ಅವಳು ಬಲಗಾಲನ್ನು ಮುಂದಕ್ಕೆ ಚಾಚಿ ಆ ಬೆರಳನ್ನು ನೋಡುತ್ತ ಕೂತಳು. 

ಮರುದಿನ ಕೋರ್ಟಿನಲ್ಲಿ ನ್ಯಾಯಾಧೀಶರು ಮಹಜರು ಓದಿದರು, ಫೋಟೊಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಕನ್ನಡಕದ ಮೇಲಿಂದ ಚಿಕ್ಕವ್ವನನ್ನು ನೋಡಿ, "ಈ ಎಂಟು ಹೆಜ್ಜೆ ನಿಮ್ಮವೇನಮ್ಮ?" ಎಂದರು. ತಿಪ್ಪೇಶಿ ಹಿಂದಿನಿಂದ ಕೆಮ್ಮಿದ.

"ನಮ್ಮವೇ ಸ್ವಾಮಿ."

"ಯೋಚನೆ ಮಾಡಿ ಹೇಳಿ."

"ಆ ಮಂಗಳವಾರದ್ವು ನಮ್ಮವು. ಪಕ್ಕದಾಗ್ ಇರೋ ಹಳೇವೂ ನಮ್ಮವು. ಸಣ್ ಹೆಜ್ಜೆ ನನ್ ಮಗ್ಳು ಈರಿದು. ಹುಲಿ ಗಿಲಿ ಯಾವ್ದೂ ಬಂದಿರ್ಲಿಲ್ಲ ಸ್ವಾಮಿ. ಅವ್ಳು ಎತ್ಕ ಅಂದ್ಳು, ನಾನು ಎತ್ಕಂಡೆ. ಇದನ್ನ ಬರ್ಕಳಿ. ಆಮೇಲೆ ಏನ್ ಶಿಕ್ಷೆ ಕೊಟ್ರೂ ಕೊಡ್ರಿ." ಎಂದವಳೇ ಬಲಗಾಲನ್ನು ಎತ್ತಿ ಕಟಕಟೆಯ ಕೆಳಗಿನ ಪಟ್ಟಿಯ ಮೇಲೆ ಇಟ್ಟಳು. ಜವಾನ ಓಡಿಬಂದು ಕಾಲು ಇಳಿಸಲು ಹೇಳಿದ. ನ್ಯಾಯಾಧೀಶರು ಕೈಸನ್ನೆ ಮಾಡಿ ಅವನನ್ನು ತಡೆದರು. ಫೋಟೊವನ್ನೂ ಕಾಲನ್ನೂ ಬಹಳ ಹೊತ್ತು ನೋಡಿದರು.

ತೀರ್ಪಿನಲ್ಲಿ ಎರಡು ಮಾತಿದ್ದವು. ಹೊಸ ಗುರುತುಗಳೂ ಹಳೆಯ ಗುರುತುಗಳೂ ಒಬ್ಬಳೇ ಹೆಂಗಸಿನ ಕಾಲಿನವು, ಆ ಹೆಂಗಸು ಪಾಲವ್ವ, ಮಗು ಅವಳದು ಎನ್ನುವುದು ಒಂದು. ನಿಷೇಧಿಸಿದ ಜಾಗಕ್ಕೆ ಹೋಗಿ ಬಂಡೆಯ ಮೇಲೆ ಗುರುತು ಮಾಡಿದ್ದನ್ನು ಆರೋಪಿಯೇ ಒಪ್ಪಿಕೊಂಡಿದ್ದರಿಂದ, ಆಕೆ ಮೂರು ವರ್ಷ ಬಂಡೆಸೀಮೆಗೆ ಕಾಲಿಡುವಂತಿಲ್ಲ ಎನ್ನುವುದು ಇನ್ನೊಂದು. ಹೆತ್ತವಳು ಎಂದು ಬರೆದ ಕೈಯೇ ಅಪರಾಧಿ ಎಂದೂ ಬರೆಯಿತು, ಅದೇ ಹಾಳೆಯಲ್ಲಿ, ಅದೇ ಪೆನ್ನಿನಲ್ಲಿ. ಕಾನೂನು ಹಾಗಿದೆ ಎಂದು ತಿಪ್ಪೇಶಿ ಸಮಾಧಾನ ಹೇಳಿದ. ಇರಬಹುದು. ಬೂಟು ಹಾಕಿಕೊಂಡು ಬಂದು ಸುಳ್ಳು ಬರೆದವರಿಗೆ ಯಾವ ಕಲಂ ಇದೆ ಎಂದು ಕೇಳಿದೆ. 

ಆ ತೀರ್ಪಿನ ನಕಲು ಹಿಡಿದು ನಾನು ವರ್ಷವಿಡೀ ಓಡಾಡಿದೆ. ಒಂದು ಕಚೇರಿಯವರು ಇನ್ನೊಂದು ಕಚೇರಿಗೆ ಕಳಿಸಿದರು, ಇನ್ನೊಂದರವರು ಮೊದಲಿನದಕ್ಕೇ ಅಟ್ಟಿದರು. ಕೊನೆಗೆ ಗಾಜು ಬರಲಿಲ್ಲ. ಕಂಬ, ಸರಪಳಿ ಕಿತ್ತರು. ವರ್ಷಕ್ಕೊಂದು ಮಂಗಳವಾರ ಊರಿನವರು ಬರಿಗಾಲಲ್ಲಿ ಹೋಗಬಹುದು ಎಂದು ಆದೇಶ ಬಂತು. ಹುಲಿಯ ಬೋರ್ಡನ್ನು ಬೊಮ್ಮಲಿಂಗ ತಾನೇ ಬಿಚ್ಚಿ ಹೆಗಲ ಮೇಲೆ ಹೊತ್ತು ಇಳಿಸಿದ. ಯಾರೂ ತಪ್ಪಾಯಿತು ಎನ್ನಲಿಲ್ಲ. ಜಯಸಿಂಹ ಸಾಹೇಬರಿಗೆ ವರ್ಗವಾಯಿತು. ಹೋಗುವ ಮುಂಚೆ ಅವರು ಒಂದು ಸಂಜೆ ಒಬ್ಬರೇ ಬಂಡೆಗೆ ಹೋಗಿದ್ದರಂತೆ. ಪೂರ್ವದ ಅಂಚಿನಲ್ಲಿ ಒಂದೇ ಒಂದು ಎಡಗಾಲಿನ ಗುರುತಿದೆ, ಊರಿನವರ್ಯಾರದೂ ಅಲ್ಲ, ಕಾಲುಚೀಲ ಹಾಕಿ ಹಾಕಿ ಬೆರಳುಗಳು ಒತ್ತಿಕೊಂಡ ಪಾದ. ಒಪ್ಪಿಕೊಳ್ಳುವ ಧೈರ್ಯ ಒಂದು ಕಾಲಿಗಷ್ಟೇ ಸಾಕಾಯಿತೇನೋ.

ಈ ಸಲದ ಮಂಗಳವಾರ ಊರೆಲ್ಲ ಮೇಲೆ ಹತ್ತಿತು. ಚಿಕ್ಕವ್ವ ಗೇಟಿನ ಈಚೆ, ಟಿಕೆಟ್ ಕೊಡುವ ಕಿಟಕಿಯ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತಳು. ಯಾರ ದೆಸೆಯಿಂದ ಗೇಟು ತೆರೆಯಿತೋ ಅವಳೊಬ್ಬಳೇ ಗೇಟಿನ ಹೊರಗೆ. ಅಲ್ಲಿ ಕೂತದ್ದನ್ನು ನೋಡಿ ನನಗೆ ಬೈಯಲೂ ಬಾಯಿ ಬರಲಿಲ್ಲ. "ಹಿಮ್ಮಡಿಯಿಂದ ಬೆರಳಿನ ಕಡೀಕೆ ಹಚ್ಬೇಕು, ತಿಳೀತಾ?" ಎಂದು ಎಣ್ಣೆಯ ಸೀಸೆಯನ್ನು ನನ್ನ ಕೈಗೆ ಕೊಟ್ಟಳು.

ದೊಣೆಯಿಂದ ಕೊಡದಲ್ಲಿ ನೀರು ತಂದು ಈರಿಯ ಹೆಜ್ಜೆಗಳನ್ನು ತೊಳೆದೆ. ಮರಳು ತುಂಬಿದ್ದರಿಂದ ಚಿಕ್ಕವ್ವನವನ್ನೂ ತೊಳೆದೆ, ಮೊದಲು ಹಳೆಯವು, ಆಮೇಲೆ ಹೋದ ವರ್ಷದವು. ಒಳಗೆ ಹೋಗುವಾಗಿನ ಎಂಟು ಹೆಜ್ಜೆಗಳು ಬೆರಳಿಗೆ ತಾಗಿಯೂ ತಾಗದಷ್ಟು ತೇಲಿದ್ದವು. ಒಣಗಿದ ಮೈ, ಒಂದು ಮೊರ ರಾಗಿಯಷ್ಟೂ ತೂಕ ಇಲ್ಲವೇನೋ ಎನಿಸುವ ಮುದುಕಿ. ಹಿಂದಕ್ಕೆ ಬಂದ ಹೆಜ್ಜೆಗಳಿಗೆ ನೀರು ಹಾಕಿದಾಗ ನೀರು ನಿಂತಿತು. ಒರೆಸಿ ಬೆರಳಿಟ್ಟು ನೋಡಿದೆ. ಅನುಮಾನ ಬಂದು ಹೋಗುವಾಗಿನದರಲ್ಲಿ ಬೆರಳಿಟ್ಟೆ, ಮತ್ತೆ ಬರುವಾಗಿನದರಲ್ಲಿ ಇಟ್ಟೆ. ಬರುವಾಗಿನವು ಹೋಗುವಾಗಿನವಕ್ಕಿಂತ ಒಂದು ಅಕ್ಕಿಕಾಳಿನಷ್ಟು ಆಳ ಇದ್ದವು. ಎಂಟಕ್ಕೆ ಎಂಟೂ ಹಾಗೇ ಇದ್ದವು. ಟೇಪು ಹಿಡಿದು ಬಂದವರು ಒಳಹೋದ ಅಪರಾಧವನ್ನು ಅಳೆದಿದ್ದರು, ಹೊರಗೆ ಬಂದದ್ದನ್ನು ಯಾರೂ ಅಳೆದಿರಲಿಲ್ಲ. ರಟ್ಟೆ ಹಿಡಿದುಕೊಂಡ ನಾನೂ, ಎದೆಗೊತ್ತಿದ ಆ ಕೈಗಳು ಏನನ್ನು ಹಿಡಿದಿವೆ ಎಂದು ನೋಡಿರಲಿಲ್ಲ.

ಕೆಳಗೆ ಇಳಿದಾಗ ಬಿಸಿಲು ಬಾಗಿತ್ತು. ಚಿಕ್ಕವ್ವ ಬೆಂಚಿನ ಮೇಲೆ ಹಾಗೇ ಕೂತಿದ್ದಳು.

"ತೊಳ್ದೇನೆ?"

"ತೊಳ್ದೆ ಚಿಕ್ಕವ್ವ."

"ಎಣ್ಣೆ?"

"ಹಚ್ಚಿದೆ." ಅವಳ ಪಕ್ಕ ಕೂತೆ. ಕೇಳದೆ ಇರಲಾಗಲಿಲ್ಲ. "ಚಿಕ್ಕವ್ವ, ಅವತ್ತು ವಾಪಸ್ ಬರೋವಾಗ ನಿಂಗೆ ಭಾರ ಆಗ್ಲಿಲ್ವಾ?"

ಅವಳು ನನ್ನ ಕಡೆ ತಿರುಗಿ, ಇದೇನು ಕೇಳುತ್ತೀಯ ಎಂಬಂತೆ ನೋಡಿದಳು.

"ಎಳೇ ಕೂಸು ಕಣೆ," ಎಂದಳು, "ಎಂತಾ ಭಾರ?"